ಸೂಜಿ ತೂತು ಒಂದೇ ಸಾಲಿಗೆ ಬರಬಾರದು: ರೇಷ್ಮೆ ಚೂರುಗಳ ಕ್ರೇಜಿ ಕ್ವಿಲ್ಟ್, ನನ್ನ ಅನುಭವ

ಹಳೆ ರೇಷ್ಮೆ ಸೀರೆ, ಗುಳೇದಗುಡ್ಡದ ಖಣ, ಇಳಕಲ್ ಸೆರಗಿನ ಚೂರು ಎಲ್ಲ ಸೇರಿಸಿ ಕ್ರೇಜಿ ಕ್ವಿಲ್ಟ್ (ಅಳತೆಯಿಲ್ಲದ ಚೂರುಗಳನ್ನು ತಳದ ಬಟ್ಟೆಯ ಮೇಲೆ ಜೋಡಿಸಿ, ಅವು ಸೇರುವ ಗೆರೆಗಳ ಮೇಲೆ ಅಲಂಕಾರದ ಹೊಲಿಗೆ ಹಾಕಿದ ಹಾಸು) ಮಾಡಲು ಕೂತಾಗ ಧಾರವಾಡದಲ್ಲಿ ನನ್ನ ಸುತ್ತ ಇದ್ದವರು ಯಾರೂ ಒಪ್ಪಲಿಲ್ಲ. ನಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಅಜ್ಜಿಯೊಬ್ಬರಿದ್ದಾರೆ. ಅವರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಅಂದರು: "ಯವ್ವಾ, ಮ್ಯಾಲಿಂದ ಕೆಳಗಿನ ತನಕ ದಾರ ಓಡಲಿಲ್ಲ ಅಂದ್ರ ಅದು ಕೌದಿ ಹೆಂಗ ಆಗ್ತದ? ಎರಡು ಸರ್ತಿ ಒಗದ್ರ ಹರೀತದ." ಟೇಲರ್ ಅಣ್ಣ ಇನ್ನೂ ನೇರ. "ಅಕ್ಕಾರ, ಹಳೇ ರೇಷ್ಮಿ ಮ್ಯಾಲೆ ದಪ್ಪ ದಾರ ಹಾಕಬ್ಯಾಡ್ರಿ. ಸೀಳ್ತದ."

ಇಬ್ಬರ ಮಾತಿಗೂ ಆಧಾರ ಇತ್ತು. ಮೊದಲಿನ ಬ್ಲಾಕುಗಳು (ಸೇರಿಸಿ ಕ್ವಿಲ್ಟ್ ಮಾಡುವ ಚೌಕಗಳು) ನಿಜವಾಗಿಯೂ ಸೀಳಿದವು. ಆದರೆ ಈಗ ನಮ್ಮ ಮನೆಯ ಸೋಫಾ ಮೇಲೆ ಹಾಸಿರುವ ಕ್ವಿಲ್ಟ್ ಮೂರು ವರ್ಷದ ಮೇಲಾಯಿತು, ಮಕ್ಕಳು ಅದರ ಮೇಲೆ ಕುಣಿಯುತ್ತಾರೆ, ಒಂದು ಸೀಮ್ (ಎರಡು ಚೂರು ಸೇರುವ ಗೆರೆ) ಕೂಡ ಬಿಟ್ಟಿಲ್ಲ. ಹೇಗೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಫೆದರ್, ಹೆರಿಂಗ್‌ಬೋನ್, ಫ್ಲೈ ಹೊಲಿಗೆ ಹಾಕೋದು ನಿಮಗೆಲ್ಲ ಬರುತ್ತೆ ಅಂದುಕೊಂಡೇ ಮುಂದೆ ಹೋಗುತ್ತೇನೆ.

ಮೊದಲು ಸೀಳಿದ ಬ್ಲಾಕುಗಳ ವಿಷಯ. ಅವುಗಳ ಮೇಲೆ ಹೆರಿಂಗ್‌ಬೋನ್ (ಕತ್ತರಿಯ ಹಾಗೆ ಒಂದರ ಮೇಲೊಂದು ದಾಟುವ ಹೊಲಿಗೆ) ಮತ್ತು ಬಟನ್‌ಹೋಲ್ (ಗುಂಡಿ ಕಾಜಾದ ಹೊಲಿಗೆ) ಇತ್ತು. ಸ್ಕೇಲ್ ಇಟ್ಟು ಹಾಕಿದ ಹಾಗೆ ಸಮ. ನೋಡಿದವರೆಲ್ಲ ಹೊಗಳಿದ್ದರು. ಕೆಲವು ತಿಂಗಳು ಬಳಸಿದ ಮೇಲೆ ರೇಷ್ಮೆ ಹರಿಯಿತು, ಅದೂ ಎಲ್ಲೆಂದರಲ್ಲಿ ಅಲ್ಲ. ಹರಿದ ಬ್ಲಾಕುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಪ್ರತಿಯೊಂದು ಸೀಳೂ ಸೀಮ್‌ನ ಒಂದೇ ಬದಿಗಿತ್ತು. ಮತ್ತು ಸೂಜಿ ತೂತುಗಳ ಗೆರೆ ಹಿಡಿದೇ ಹರಿದಿತ್ತು, ರಸೀದಿ ಪುಸ್ತಕದ ಹಾಳೆ ಕಿತ್ತ ಹಾಗೆ.

ಕಾರಣ ಸರಳ. ಹೊಸ ಚೂರನ್ನು ಮೊದಲಿನ ಚೂರಿನ ಮೇಲೆ ಮಗುಚಿಟ್ಟು ಹೊಲಿದು ತಿರುಗಿಸಿದಾಗ ಎರಡೂ ಚೂರಿನ ಒಳಮಡಿಕೆ ಹೊಸ ಚೂರಿನ ಕೆಳಗೇ ಹೋಗುತ್ತದೆ. ಆ ಬದಿಗೆ ಸೂಜಿ ಇಳಿದರೆ ರೇಷ್ಮೆ ಮೂರು ಪದರ ಸಿಗುತ್ತದೆ, ಅದರ ಕೆಳಗೆ ತಳದ ಬಟ್ಟೆ. ಆಚೆ ಬದಿಗೆ ಬರೀ ಒಂದು ಪದರ ರೇಷ್ಮೆ. ಆ ಒಂಟಿ ಪದರದ ಮೇಲೆ, ಕಾಲಿಂಚು ಬಿಟ್ಟು, ಒಂದೇ ಗೆರೆಯಲ್ಲಿ ಸಾಲಾಗಿ ತೂತು ಬಿದ್ದರೆ ಹಳೆ ರೇಷ್ಮೆ ಇನ್ನೇನು ಮಾಡೀತು? ದಾರ ದಪ್ಪ ಆಗಿದ್ದಕ್ಕೆ ಹರಿದಿದ್ದಲ್ಲ. ತೂತು ಸಾಲಾಗಿದ್ದಕ್ಕೆ ಹರಿದಿದ್ದು.

ಅಲ್ಲಿಂದ ನನ್ನ ಲೆಕ್ಕವೇ ಬದಲಾಯಿತು. ಈಗ ಯಾವ ಹೊಲಿಗೆ ಚಂದ ಅಂತ ಮೊದಲು ನೋಡುವುದಿಲ್ಲ. ಅದರ ತೂತು ಎಲ್ಲೆಲ್ಲಿ ಬೀಳುತ್ತೆ ಅಂತ ನೋಡುತ್ತೇನೆ.

ಹಳೆ ರೇಷ್ಮೆಗೆ ಎಲ್ಲಕ್ಕಿಂತ ಕೆಟ್ಟದ್ದು ಬಟನ್‌ಹೋಲ್. ಎರಡು ಬದಿಗೂ ಎರಡು ನೇರ ಗೆರೆ. ಸಮವಾದ ಹೆರಿಂಗ್‌ಬೋನ್ ಕೂಡ ಅದೇ ಕಥೆ. ಒಳ್ಳೆಯದು ಡಬಲ್ ಫೆದರ್: ಸೂಜಿ ಒಮ್ಮೆ ಹತ್ತಿರ, ಒಮ್ಮೆ ದೂರ, ಒಮ್ಮೆ ಆಚೆ, ಹೀಗೆ ಓಡಾಡುತ್ತದೆ, ಎರಡು ತೂತು ಅಕ್ಕಪಕ್ಕ ಕೂರುವುದೇ ಇಲ್ಲ. ಕ್ರೆಟನ್ ಹೊಲಿಗೆಯ ಕಾಲುಗಳನ್ನು (ಎರಡು ಬದಿಗೂ ಚಾಚುವ ಎಳೆಗಳನ್ನು) ಬೇಕಂತಲೇ ಉದ್ದ ಗಿಡ್ಡ ಮಾಡಿದರೆ ಅದೂ ಅಷ್ಟೇ ಗಟ್ಟಿ. ಹೆರಿಂಗ್‌ಬೋನ್ ಬಿಡೋಕೆ ನನಗೆ ಮನಸ್ಸಿಲ್ಲ. ಅದಕ್ಕೆ ಮೂರು ಎತ್ತರ ಮಾಡಿಕೊಂಡೆ. ದಪ್ಪ ಬದಿಗೆ ಸಮ, ಒಂಟಿ ಪದರದ ಬದಿಗೆ ಕಾಲಿಂಚು, ಅರ್ಧ ಇಂಚಿಗೆ ಸ್ವಲ್ಪ ಕಮ್ಮಿ, ಮತ್ತೆ ಕಾಲಿಂಚಿಗಿಂತ ಸ್ವಲ್ಪ ಜಾಸ್ತಿ. ದೂರದಿಂದ ನೋಡಿದರೆ ಅಲೆ ಎದ್ದ ಹಾಗೆ ಕಾಣುತ್ತದೆ. ಇದು ನಾನೇ ಮಾಡಿಕೊಂಡದ್ದು. ಈಗ ಕಲಿಯಲು ಬರುವ ಹುಡುಗಿಯರು ಮೊದಲು ಕೇಳುವುದೇ ಇದನ್ನು.

ಇನ್ನೊಂದು ಮಾತು, ಅಗಲದ್ದು. ಸೀಮ್ ಮೇಲೆ ಚಿಕ್ಕದಾಗಿ, ನಾಜೂಕಾಗಿ ಹಾಕಿದ ಹೊಲಿಗೆ ಬರೀ ಮಡಿಕೆಯ ಮೇಲೆ ಕೂರುತ್ತದೆ, ಏನನ್ನೂ ಹಿಡಿಯುವುದಿಲ್ಲ. ಒಳಮಡಿಕೆ ಎಷ್ಟು ಬಿಟ್ಟಿದ್ದೀರೋ ಹೊಲಿಗೆ ಅದಕ್ಕಿಂತ ಒಂದು ಎಳೆ ಆಚೆ ಹೋಗಬೇಕು. ರೇಷ್ಮೆಗೆ ನಾನು ಕಾಲಿಂಚು ಬಿಡುವುದಿಲ್ಲ, ಎಳೆ ಬಿಚ್ಚುತ್ತದೆ. ಅರ್ಧ ಇಂಚಿನ ಹತ್ತಿರ ಬಿಡುತ್ತೇನೆ. ಆಗ ಉದ್ದದ ಕಾಲುಗಳು ಒಳಗಿನ ಹಸಿ ಅಂಚನ್ನೂ ಅದುಮಿ ಹಿಡಿಯುತ್ತವೆ. ಕೌದಿಯಲ್ಲಿ ಓಡುಹೊಲಿಗೆ ಮಾಡುವ ಕೆಲಸವನ್ನು ಇಲ್ಲಿ ಸೀಮ್ ಮೇಲಿನ ಈ ಮೊದಲ ಸಾಲು ಮಾಡುತ್ತದೆ. ಅದಕ್ಕೇ ಸೂಜಿ ಪ್ರತಿ ಸಲವೂ ತಳದ ಬಟ್ಟೆಯನ್ನು ಕಚ್ಚಲೇಬೇಕು. ಮೇಲಿನ ರೇಷ್ಮೆಯಲ್ಲಷ್ಟೇ ತೇಲಿದರೆ ಬಿಚ್ಚಿ ಮತ್ತೆ ಹಾಕಿ.

ತಳದ ಬಟ್ಟೆಗೂ ದುಡ್ಡು ಹಾಳಾಗಿದೆ. ಹೊಸ ಕೋರಾ ಬಟ್ಟೆ ಕುಗ್ಗಿ ಇಡೀ ಬ್ಲಾಕನ್ನು ಸುಕ್ಕು ಮಾಡಿತು. ಒಗೆದು ಹಾಕಿದರೆ ಸರಿ, ಆದರೆ ಸೂಜಿ ತಳ್ಳಿ ತಳ್ಳಿ ಬೆರಳು ನೋವು. ಮಲ್‌ಮಲ್ ತೀರಾ ಸಡಿಲ. ಕೊನೆಗೆ ನಿಂತದ್ದು ಹಳೆ ಪಂಚೆಗೆ. ಬೆಣ್ಣೆಯಂಥಾ ಬಟ್ಟೆ ಅಂತ ಎಲ್ಲಾ ಕಡೆ ಕತ್ತರಿಸಬೇಡಿ. ಉಟ್ಟು ಕೂತ ಜಾಗ ಸವೆದಿರುತ್ತದೆ. ಅಂಚಿನ ಪಕ್ಕದ ಭಾಗ ಮಾತ್ರ ನಾನು ತೆಗೆದುಕೊಳ್ಳುತ್ತೇನೆ. ಹಳೆ ಕಾಂಜೀವರಂಗೆ, ಮೈಸೂರ್ ಸಿಲ್ಕ್ ಕ್ರೇಪ್‌ಗೆ ಹಿಂದೆ ತೆಳ್ಳನೆ ಪೇಸ್ಟಿಂಗ್ (ಇಸ್ತ್ರಿಯಲ್ಲಿ ಅಂಟಿಸುವ ಬಟ್ಟೆ) ಬೇಕೇ ಬೇಕು. ಕ್ರೇಪ್ ಓರೆಯಲ್ಲಿ ಎಳೆದುಕೊಳ್ಳುತ್ತದೆ, ನೀರು ತಾಗಿದರೆ ಕುಗ್ಗುತ್ತದೆ. ಶರ್ಟಿನ ಕಾಲರಿಗೆ ಹಾಕುವ ದಪ್ಪದ್ದು ತರಬೇಡಿ, ರಟ್ಟಾಗುತ್ತೆ. ಖಣಕ್ಕೆ ಏನೂ ಬೇಡ. ಖಣದಷ್ಟು ನಂಬಿಕೆಯ ಬಟ್ಟೆ ಈ ಕೆಲಸಕ್ಕೆ ಇನ್ನೊಂದಿಲ್ಲ.

ದಾರದಲ್ಲಿ ಕಳೆದುಕೊಂಡದ್ದು ಇನ್ನೂ ಜಾಸ್ತಿ. ಸೀರೆ ಕುಚ್ಚಿಗೆ, ಬಳೆಗೆ ಸುತ್ತಲು ಮಾರುತ್ತಾರಲ್ಲ, ಆ ಹೊಳೆಯುವ 'ಸಿಲ್ಕ್ ದಾರ', ಅದನ್ನು ಎರಡು ಡಬ್ಬ ತುಂಬ ತಂದಿದ್ದೆ. ಏಳೆಂಟು ನೂರು ರೂಪಾಯಿ ಇರಬೇಕು. ಸುಟ್ಟು ನೋಡಿದರೆ ಕಾಗದ ಸುಟ್ಟ ವಾಸನೆ. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕು. ಅದು ವಿಸ್ಕೋಸ್. ಒದ್ದೆಯಾದರೆ ಅದರ ಗಟ್ಟಿತನ ಅರ್ಧಕ್ಕೆ ಇಳಿಯುತ್ತದೆ. ಒಗೆದ ಸ್ಯಾಂಪಲ್ಲಿನಲ್ಲಿ ಗಂಟೆಲ್ಲ ಜಾರಿತು. ಈಗ ಅದು ನನ್ನ ಹತ್ತಿರ ಬರೀ ಮೊದಲ ಸಾಲಿನ ಮೇಲೆ ಚಂದಕ್ಕೆ ಹಾಕುವ ಎರಡನೇ ಪದರದ ಲೇಜಿ ಡೇಜಿ ಹೂಗಳಿಗೆ, ಅದೂ ಗೋಡೆಗೆ ತೂಗುಹಾಕುವ ತುಂಡಿಗೆ ಮಾತ್ರ.

ಮೊದಲ ಸಾಲಿಗೆ ಪರ್ಲ್ ಕಾಟನ್ (ಹೊಳಪಿನ ಹುರಿ ಹತ್ತಿ ದಾರ) ನಂಬರ್ 8. ಉಂಡೆಗೆ ನೂರು ನೂರಿಪ್ಪತ್ತು ಕೊಟ್ಟ ನೆನಪು, ಸುಮಾರು 85 ಮೀಟರ್ ಬರುತ್ತೆ. ಒಂದಿಂಚು ಸೀಮಿಗೆ ನಾಲ್ಕೈದು ಇಂಚು ದಾರ ಹೋಗುತ್ತದೆ. 12 ಇಂಚಿನ ಬ್ಲಾಕಿನಲ್ಲಿ ನನ್ನ ಸೀಮುಗಳೆಲ್ಲ ಸೇರಿ 70–80 ಇಂಚು. ಅಂದರೆ ಒಂದು ಉಂಡೆ ಎಂಟು ಬ್ಲಾಕಿಗೆ ಆರಾಮಾಗಿ ಬರುತ್ತದೆ. ಮೇಲಿನ ಪದರಕ್ಕೆ ಆಂಕರ್ ಕಂಪನಿಯ ಕಸೂತಿ ದಾರದ ಲಚ್ಚಿಯ ಎರಡೆಳೆ. ಮೊದಲ ಸಾಲು ಇಡೀ ಕ್ವಿಲ್ಟಿಗೆ ಒಂದೇ ಬಣ್ಣ, ಮಂಕು ಹೊನ್ನಿನ ಬಣ್ಣ. ಚೂರುಗಳು ಎಷ್ಟೇ ಕಿತ್ತಾಡಿದರೂ ಈ ಒಂದು ಬಣ್ಣ ಅವನ್ನು ಜೊತೆಗೆ ಕೂರಿಸುತ್ತದೆ. ಮೇಲಿನ ಬಣ್ಣಗಳನ್ನು ಯಾವ ಕ್ರಮದಲ್ಲಿ ಆರಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಕ್ವಿಲ್ಟಿನ ಗುರುತು.

ಸೂಜಿ ತೆಳ್ಳಗಿದ್ದಷ್ಟು ರೇಷ್ಮೆಗೆ ಒಳ್ಳೇದು ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತೂತು ಚಿಕ್ಕದಾದರೆ ಪರ್ಲ್ ದಾರ ಉಜ್ಜಿಕೊಂಡೇ ಒಳಗೆ ಹೋಗುತ್ತದೆ, ರೇಷ್ಮೆ ಎಳೆಗಳನ್ನು ಜಗ್ಗುತ್ತದೆ, ದಾರದ ಮೇಲೂ ಜುಂಗು ಏಳುತ್ತದೆ. 24ನೇ ನಂಬರ್ ಶೆನಿಲ್ ಸೂಜಿ ಹಿಡಿಯಿರಿ, ಮೊನೆ ಚೂಪು, ಕಣ್ಣು ದೊಡ್ಡದು. ಅದು ಎಳೆಗಳನ್ನು ಸರಿಸಿ ದಾರಿ ಮಾಡುತ್ತದೆ. ಬುಲಿಯನ್ ಗಂಟಿಗೆ (ಸೂಜಿಗೆ ದಾರ ಸುತ್ತಿ ಎಳೆಯುವ ಉದ್ದ ಗಂಟು) ಮಾತ್ರ ಬೇರೆ, ಅಲ್ಲಿ ಕಣ್ಣೂ ಮೈಯೂ ಒಂದೇ ದಪ್ಪ ಇರುವ ಮಿಲಿನರ್ ಸೂಜಿಯೇ ಸರಿ, ಸುತ್ತು ಸಿಕ್ಕಿಹಾಕಿಕೊಳ್ಳುವುದಿಲ್ಲ. ಜರಿ ಅಂಚಿನ ಮೇಲೆ ಹೊಲಿಯುವಾಗ ಜರಿ ಒಡೆಯದಿರಲು ನಾನೊಂದು ಉಪಾಯ ಮಾಡುತ್ತೇನೆ. ಅದನ್ನೂ ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಗುರುತು ಹಾಕುವ ಪೆನ್ನುಗಳ ಬಗ್ಗೆ ಎಚ್ಚರ. ನೀರಿಗೆ ಹೋಗುವ ನೀಲಿ ಪೆನ್ನಿನ ಮೇಲೆ ಇಸ್ತ್ರಿ ತಾಗಿದರೆ ಗೆರೆ ಕೂತುಬಿಡುತ್ತದೆ. ಹೋಗಿಸಲು ನೀರು ಹಾಕಿದರೆ ರೇಷ್ಮೆಗೆ ನೀರಿನ ಕಲೆ. ಬಿಸಿಗೆ ಮಾಯವಾಗುವ ಪೆನ್ನು ಗಾಢ ಬಣ್ಣದ ಮೇಲೆ ಬಿಳಿ ಗೆರೆ ಬಿಟ್ಟುಹೋಗುತ್ತದೆ. ನಾನು ಹೊಲಿಗೆ ದಾರದಲ್ಲೇ ಸಡಿಲ ಟಾಕಿ ಹಾಕಿ ಗೆರೆ ಮಾಡಿಕೊಳ್ಳುತ್ತೇನೆ, ಆಮೇಲೆ ಎಳೆದು ತೆಗೆಯುತ್ತೇನೆ. ನಿಧಾನ, ಆದರೆ ಕಲೆ ಇಲ್ಲ.

ಧಾರವಾಡದವಳಾಗಿ ಕಸೂತಿ ಹಾಕದೆ ಇರೋಕೆ ಆಗುತ್ತಾ? ಸೀಮ್ ಮೇಲೆ ಕಸೂತಿಯ ಮುರ್ಗಿ (ಮೆಟ್ಟಿಲಿನ ಹಾಗೆ ಹೋಗುವ ಹೊಲಿಗೆ) ಹಾಕಿ ನೋಡಿದೆ. ಎಳೆ ಎಣಿಸಿ ಹಾಕುವ ಹೊಲಿಗೆ, ಕ್ರೇಜಿ ಕ್ವಿಲ್ಟಿನಲ್ಲಿ ಎರಡು ಚೂರಿನ ಎಳೆಗಳು ಎರಡು ದಿಕ್ಕಿಗೆ. ಎಣಿಸುವುದು ಯಾವುದನ್ನು? ಮೇಲೆ ನೆಟ್ ಬಟ್ಟೆ ಟಾಕಿ ಹಾಕಿ, ಅದರ ಕಣ್ಣು ಎಣಿಸಿ ಮುರ್ಗಿ ಹಾಕಿ, ಕೊನೆಗೆ ನೆಟ್ಟಿನ ಎಳೆ ಒಂದೊಂದಾಗಿ ಎಳೆದೆ. ನೇರ ಸೀಮಿಗೆ ಬಹಳ ಚಂದ ಬಂತು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿಕೊಂಡು ಹೋಯಿತು. ತೂತೂ ಸಾಲಾಗಲಿಲ್ಲ! ಬಾಗಿದ ಸೀಮಿಗೆ ಆಗುವುದಿಲ್ಲ. ಗವಂತಿಯಲ್ಲಿ (ಹೋಗಿ ಬಂದು ಎರಡು ಸಲ ಓಡಿಸುವ ಹೊಲಿಗೆ) ಒಂದು ಗೋಪುರ, ನೇಗಿಯಲ್ಲಿ (ನೇಯ್ದ ಹಾಗೆ ಕಾಣುವ ಹೊಲಿಗೆ) ಒಂದು ಆನೆ ಚೂರಿನ ನಡುವೆ ಹಾಕಿದೆ, ಅವೆರಡೂ ನಿಂತಿವೆ. ಗಂಟಿಲ್ಲದೆ ಹಾಕಬೇಕು, ಕಸೂತಿಯ ಕ್ರಮವೇ ಅದು. ತಳದ ಬಟ್ಟೆಯ ಹಿಂಬದಿ ಹೇಗೂ ಮುಚ್ಚಿಹೋಗುತ್ತದೆ, ಗಂಟು ಕಾಣುವುದಿಲ್ಲ ಅಂತ ಗಂಟು ಹಾಕಿ ಮುಗಿಸಲು ನನ್ನ ಕೈ ಬರಲಿಲ್ಲ. ಲಂಬಾಣಿ ಕನ್ನಡಿಯನ್ನೂ ಕೂರಿಸಿದ್ದೆ. ಕತ್ತರಿಸಿದ ಕನ್ನಡಿಯ ಅಂಚು ಹಿಡಿದಿಟ್ಟ ದಾರವನ್ನೇ ಕೊಯ್ಯಿತು. ಅಂಚನ್ನು ಕಲ್ಲಿಗೆ ಉಜ್ಜಿ ನಯ ಮಾಡಿದ ಮೇಲೆ ಸರಿಹೋಯಿತು.

ಒಗೆಯುವ ಪರೀಕ್ಷೆ ಮಾಡಲೇಬೇಕಿತ್ತು, ಅಜ್ಜಿ ಸವಾಲು ಹಾಕಿದ್ದೇ ಅದರ ಮೇಲೆ. ಅಂಟುವಾಳ ಕಾಯಿ ನೀರಿನಲ್ಲಿ, ಕೈಯಲ್ಲಿ, ಹಿಂಡದೆ. ಹೊಲಿಗೆ ಒಂದೂ ಅಲುಗಲಿಲ್ಲ. ಬಣ್ಣ ಹೋಯಿತು. ಇಳಕಲ್ ಸೆರಗಿನ ಕೆಂಪು ಪಕ್ಕದ ಕೆನೆಬಣ್ಣದ ಚೂರಿಗೆ ಇಳಿದು ಆ ಬ್ಲಾಕ್ ಕೆಲಸಕ್ಕೆ ಬಾರದಾಯಿತು. ಮೂವತ್ತು ಗಂಟೆಗಿಂತ ಜಾಸ್ತಿ ಕೂತು ಮಾಡಿದ ಬ್ಲಾಕ್. ಈಗ ಯಾವ ಕೆಂಪೇ ಆಗಲಿ, ಒದ್ದೆ ಬಿಳಿ ಅರಿವೆ ಇಟ್ಟು ಇಸ್ತ್ರಿ ಒತ್ತಿ ನೋಡುತ್ತೇನೆ. ಬಣ್ಣ ಅಂಟಿದರೆ ಅದರ ಪಕ್ಕ ತಿಳಿ ಬಣ್ಣ ಇಡುವುದೇ ಇಲ್ಲ.

ಹಳೆ ಕ್ರೇಜಿ ಕ್ವಿಲ್ಟುಗಳು ಪುಡಿಪುಡಿಯಾಗುತ್ತವೆ, ಇದು ಬಾಳುವ ಕಲೆ ಅಲ್ಲ ಅನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಜಪಾನಿನ ಸಾಮಾನು ನೋಡಿ ಜನ ಮರುಳಾದ ಮೇಲೆ, 1880ರ ದಶಕದಲ್ಲಿ ಈ ಹುಚ್ಚು ಹಬ್ಬಿತು. ಆ ಕಾಲದ ರೇಷ್ಮೆಗೆ ತೂಕ ಬರಲೆಂದು ತವರ, ಕಬ್ಬಿಣದ ಲವಣ ಕುಡಿಸುತ್ತಿದ್ದರು. ಆ ಲವಣವೇ ಎಳೆಗಳನ್ನು ಒಳಗಿನಿಂದ ತಿಂದುಹಾಕಿತು. ಎಷ್ಟೋ ಕಡೆ ಬಟ್ಟೆ ಉದುರಿಹೋಗಿದೆ, ಅದರ ಮೇಲಿನ ಫೆದರ್ ಹೊಲಿಗೆ ಮಾತ್ರ ತಳದ ಬಟ್ಟೆ ಹಿಡಿದು ಹಾಗೇ ಇದೆ. ನನಗೆ ಧೈರ್ಯ ಬಂದದ್ದು ಅದರಿಂದಲೇ.

ಕೊನೆಯ ಕೆಲಸ, ಹಿಂಬದಿ ಬಟ್ಟೆ ಕೂರಿಸುವುದು. ನಡುವೆ ಹತ್ತಿ ಇಲ್ಲ. ನಾಲ್ಕು ಬೆರಳಿಗೊಂದರಂತೆ ಹಿಂದಿನಿಂದ ಕಟ್ಟು ಹಾಕುತ್ತೇನೆ, ಮುಂದೆ ಆ ದಾರ ಫ್ರೆಂಚ್ ನಾಟ್ (ಪುಟ್ಟ ಗಂಟು) ಗೊಂಚಲಿನ ಕೆಳಗೆ ಅಡಗಬೇಕು. ಮೂರು ಸೀಮ್ ಸೇರುವ ಮೂಲೆಯಲ್ಲಿ ದಾರದಲ್ಲೇ ಜೇಡರ ಬಲೆ ಹೊಲಿದು, ಅದರ ನಡುವೆಯೂ ಒಂದು ಕಟ್ಟು. ಅಜ್ಜಿ ಕೇಳಿದ 'ಮೇಲಿಂದ ಕೆಳಗಿನ ತನಕ' ಇಲ್ಲಿ ಆಯಿತು. ಅವರು ನೋಡಿ ಜಗ್ಗಿ ಪರೀಕ್ಷೆ ಮಾಡಿದರು, ಮಾರನೇ ದಿನ ತಮ್ಮ ಮದುವೆ ಸೀರೆಯ ಸೆರಗು ತಂದು ಕೊಟ್ಟರು.

ದುಡ್ಡಿನ ಮಾತು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. 12 ಬ್ಲಾಕಿನ ತುಂಡಿಗೆ ಸಾಮಾನಿನ ಖರ್ಚು ಎರಡು ಸಾವಿರದ ಒಳಗೆ, ಸೀರೆ ಮನೆಯದ್ದೇ ಆದರೆ. ಕೂತು ಹೊಲಿಯುವ ಹೊತ್ತು ಮುನ್ನೂರೈವತ್ತು, ನಾನೂರು ಗಂಟೆ. ಮೊದಲನೆಯದನ್ನು ಒಂದು ಅಂಗಡಿಯವರು ಆರು ಸಾವಿರಕ್ಕೆ ಕೇಳಿದರು, ಕೊಡಲಿಲ್ಲ. ಬೆಂಗಳೂರಿನ ಒಬ್ಬರು ಅವರ ತಾಯಿಯ ಸೀರೆಗಳನ್ನೇ ಕಳಿಸಿ ಮಾಡಿಸಿಕೊಂಡರು, ಇಪ್ಪತ್ತೆರಡು ಸಾವಿರ ಕೊಟ್ಟರು. ಗಂಟೆಗೆ ಲೆಕ್ಕ ಹಾಕಿದರೆ ಅದೂ ಕಡಿಮೆಯೇ. ಹಾಗಾಗಿ ಈಗ ಸೀರೆ ಕಳಿಸುವವರ ಕೆಲಸ ಮಾತ್ರ ಹಿಡಿಯುತ್ತೇನೆ, ಅರ್ಧ ಮುಂಗಡ. ಅಂಗಡಿಗೆ ಕೊಡುವುದಿಲ್ಲ.

ಸದ್ಯ ಮಖಮಲ್ ಜೊತೆ ಹೋರಾಟ ನಡೆದಿದೆ. ಎರಡೆಳೆ ದಾರ ಹಾಕಿದರೆ ಅದರ ರೋಮದೊಳಗೆ ಮುಳುಗಿ ಕಾಣದಾಗುತ್ತದೆ. ಇನ್ನೂ ದಪ್ಪದ ಪರ್ಲ್ ನಂಬರ್ 5ರಲ್ಲಿ ಕ್ರೆಟನ್ ಹಾಕಿದ್ದು ಮಾತ್ರ ಮೇಲೆ ನಿಂತಿದೆ, ಆದರೆ ರೇಷ್ಮೆ ಪಕ್ಕಕ್ಕೆ ಅದು ಭಾರ. ದೀಪಾವಳಿಯ ಆರ್ಡರ್ ಮುಗಿದ ಮೇಲೆ ಮಖಮಲ್ ಮತ್ತು ಖಣ ಎರಡನ್ನೇ ಇಟ್ಟುಕೊಂಡು ಒಂದು ಬ್ಲಾಕ್ ಮಾಡಿ ನೋಡಬೇಕು.