ಪದಸೂಚಿ ಮಾಡಲು ಕೂತಾಗ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಸುತ್ತಿನ ಶಾಸನಗಳ ಮೇಲೆ ಒಂದು ಸಂಶೋಧನಾ ಪುಸ್ತಕ, ಹೆಚ್ಚುಕಡಿಮೆ 400 ಪುಟ. "ಕೊನೆಗೆ ಒಂದು ಪದಸೂಚಿ ಮಾಡಿಕೊಡಿ, ಸುಮ್ನೆ ಹೆಸರುಗಳನ್ನು ಪಟ್ಟಿ ಮಾಡಿದರೆ ಸಾಕು" ಎಂದರು ಲೇಖಕರು. ಪದಸೂಚಿ ಅಂದರೆ ಯಾವ ಪದ ಯಾವ ಪುಟದಲ್ಲಿದೆ ಎಂದು ಹೇಳುವ ಪಟ್ಟಿ, ಇಂಡೆಕ್ಸ್. ವಾರದ ಕೆಲಸ ಅಂದುಕೊಂಡೆ. ನಾಲ್ಕು ವಾರ ಹಿಡಿಯಿತು.

ಪುಟಗಳು ಪೇಜ್‌ಮೇಕರ್‌ನಲ್ಲಿ, ಹಳೇ ನುಡಿ ಫಾಂಟಿನಲ್ಲಿದ್ದವು. ಪದಗಳನ್ನು ಹೆಕ್ಕಿ ಅಕಾರಾದಿಗೆ ಹಾಕಿದರೆ ಎಲ್ಲ ಕಲಸುಮೇಲೋಗರ. ಆ ಫಾಂಟಿನಲ್ಲಿ ಕಂಪ್ಯೂಟರಿಗೆ ಕಾಣುವುದು ಅಕ್ಷರಗಳಲ್ಲ, ಅಕ್ಷರದ ತುಂಡುಗಳು. ಯೂನಿಕೋಡಿಗೆ ತಿರುಗಿಸಿ, ಹಾರಿಹೋದ ಒತ್ತುಗಳನ್ನು ಕೈಯಾರೆ ತಿದ್ದಿದೆ.

ಆಮೇಲೆ ಶುರುವಾಯಿತು ನೋಡಿ ಹೆಸರುಗಳ ಕಾಟ. ಆಹವಮಲ್ಲ ಅಂತ ರಾಜನ ಹೆಸರು ಬರೆದು ಮುಂದೆ ಪುಟಸಂಖ್ಯೆ ಹಾಕಿಕೊಂಡು ಹೋಗುತ್ತಿದ್ದೆ. ಎರಡನೇ ದಿನ ಅನುಮಾನ ಬಂತು. ಎರಡನೇ ತೈಲಪನೂ ಆಹವಮಲ್ಲ, ಒಂದನೇ ಸೋಮೇಶ್ವರನೂ ಆಹವಮಲ್ಲ. ಇವರಿಬ್ಬರೂ ಕಲ್ಯಾಣದ ಚಾಲುಕ್ಯರು. ಸಾಲದ್ದಕ್ಕೆ ಕಳಚುರಿ ರಾಜರಲ್ಲೂ ಒಬ್ಬ ಆಹವಮಲ್ಲ ಇದ್ದಾನೆ! ಮತ್ತೆ ಮೊದಲಿನಿಂದ ಓದಿ, ಶಾಸನದ ಕಾಲ ನೋಡಿ, ಮೂವರನ್ನೂ ಬೇರೆ ಮಾಡಿದೆ. ಊರಿನ ಕಥೆಯೂ ಅದೇ. ಬಳ್ಳಿಗಾವೆ, ಬಳ್ಳಿಗಾಮೆ, ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಬರೆದ ಬೆಳಗಾಮಿ, ಎಲ್ಲ ಒಂದೇ ಊರು. ಬೆಳಗಾವಿ ಮಾತ್ರ ಬೇರೆ. ಬಳ್ಳಿಗಾವಿ ಅಂತ ಒಂದೇ ಕಡೆ ಪುಟಗಳನ್ನು ಕೊಟ್ಟು, ಉಳಿದ ರೂಪಗಳ ಮುಂದೆ 'ನೋಡಿ' ಎಂದು ಹಾಕಿದೆ.

ನನಗೆ ಬಹಳ ಹಿಡಿಸಿದ್ದು ತೆರಿಗೆಯ ಪದಗಳು. ಪೆರ್ಜುಂಕವೇ ಮುಂದೆ ಹೆಜ್ಜುಂಕ. ಪಕಾರ ಹಕಾರವಾದದ್ದು ಗೊತ್ತಿಲ್ಲದವರು ಇವನ್ನು ಎರಡು ಬೇರೆ ತೆರಿಗೆ ಅಂದುಕೊಳ್ಳಬಹುದು. ಪ ಅಕ್ಷರದಲ್ಲಿ ಹುಡುಕುವವರೂ ಇರುತ್ತಾರೆ, ಹ ಅಕ್ಷರದಲ್ಲಿ ಹುಡುಕುವವರೂ ಇರುತ್ತಾರೆ. ಎರಡೂ ಕಡೆ ಪುಟಸಂಖ್ಯೆ ಕೊಟ್ಟೆ. ಜಾಗ ಜಾಸ್ತಿ ಹೋಯಿತು, ಹೋಗಲಿ.

ಶಾಸನಸಂಖ್ಯೆಗಳ ಸೂಚಿಯನ್ನು ಬೇರೆಯೇ ಮಾಡಿದೆ. ಕರ್ನಾಟಕದ ಶಾಸನಗಳನ್ನು ಅಚ್ಚು ಮಾಡಿರುವ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟ ಎಂದಷ್ಟೇ ಬರೆದರೆ ಸಾಲದು. ರೈಸ್ ತಂದ 1902ರ 7ನೇ ಸಂಪುಟದಲ್ಲಿ ಶಿಕಾರಿಪುರ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ 7ನೇ ಸಂಪುಟದಲ್ಲಿ ಇರುವುದು ಮಂಡ್ಯದ ಕಡೆಯ ತಾಲ್ಲೂಕುಗಳು. ಲೇಖಕರ ಅಡಿಟಿಪ್ಪಣಿಗಳಲ್ಲಿ ಎರಡೂ ಬೆರೆತಿದ್ದವು. ಅವರಿಗೆ ಫೋನ್ ಮಾಡಿ ಮಾಡಿ ಬೇಡವಾಗಿಬಿಟ್ಟೆ ಅನಿಸುತ್ತದೆ.

ಎಲ್ಲ ಮುಗಿಸಿ ಕಳಿಸಿದ ಮೇಲೆ ಪ್ರಕಾಶಕರ ಕಡೆಯಿಂದ ಮಾತು ಬಂತು: ಮೂರನೇ ಅಧ್ಯಾಯಕ್ಕೆ ಒಂದೂವರೆ ಪುಟ ಸೇರಿದೆ. ಎಲ್ಲಕ್ಕೂ 2 ಕೂಡಿಸಿದರೆ ಆಯ್ತಲ್ವಾ ಎಂದರು. ಆಗಲಿಲ್ಲ. ಆ ಅಧ್ಯಾಯದಲ್ಲಿ ಕೆಲವು ಪದ ಒಂದು ಪುಟ ಜರುಗಿದ್ದವು, ಕೆಲವು ಎರಡು. ಅದರ ಸುಮಾರು 60 ಪುಟಗಳನ್ನು ಮತ್ತೆ ಒಂದೊಂದಾಗಿ ನೋಡಿದೆ.

ಈಗ ಇನ್ನೊಂದು ಪುಸ್ತಕಕ್ಕೆ ಕೇಳಿದ್ದಾರೆ. ಕೊನೆಯ ಕರಡು ತಿದ್ದಿ, ಪುಟ ಅಲುಗುವುದಿಲ್ಲ ಅಂತ ಆದಮೇಲೆ ಫೈಲ್ ಕಳಿಸಿ, ಒಂದು ತಿಂಗಳು ಕೊಡಿ ಎಂದೆ. ಹತ್ತು ದಿನ ಎನ್ನುತ್ತಿದ್ದಾರೆ. ಮಾತುಕತೆ ಇನ್ನೂ ಮುಗಿದಿಲ್ಲ.