ಕೂಡಿಬಾರದ ಸಂಬಂಧಗಳು: ಮಂಡ್ಯದ ಹಳ್ಳಿಯೊಂದರಲ್ಲಿ ನನ್ನ ಕ್ಷೇತ್ರಕಾರ್ಯದ ಅನುಭವ

ಮದುವೆಯ ಪದ್ಧತಿಗಳು ಹೇಗೆ ಬದಲಾಗುತ್ತಿವೆ ಎಂದು ತಿಳಿಯಲು ಹೊರಟವರು ಸಾಮಾನ್ಯವಾಗಿ ಆಗಿಹೋದ ಮದುವೆಗಳನ್ನು ಎಣಿಸುತ್ತಾರೆ. ಅದು ಅಗತ್ಯವೇ. ಆದರೆ ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಹಳ್ಳಿಯೊಂದರಲ್ಲಿ ಕೆಲಸ ಮಾಡುತ್ತಾ ಹೋದಂತೆ ನನಗೆ ದೃಢವಾದ ಮಾತೊಂದಿದೆ: ಹೆಣ್ಣು ಗಂಡಿನ ನಡುವಣ ಸಂಬಂಧ ಬದಲಾಗುತ್ತಿರುವುದು ಕೂಡಿಬಂದ ಮದುವೆಗಳಿಗಿಂತ ಕೂಡಿಬಾರದೆ ಹೋದ ಸಂಬಂಧಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ಪ್ರತಿ ಮನೆಯ ವಂಶಾವಳಿಯ ಜೊತೆಗೇ, ಆ ಮನೆಗೆ ಹೆಣ್ಣು ಕೇಳಿಕೊಂಡು ಯಾರು ಬಂದರು, ಯಾವ ಮಾತಿಗೆ ಮುರಿಯಿತು, ಬೇಡ ಎಂದವರು ಯಾರು ಎಂಬುದನ್ನೂ ಬರೆದುಕೊಳ್ಳುವುದನ್ನು ರೂಢಿಸಿಕೊಂಡೆ.

ಈ ಸೀಮೆಯನ್ನು ಆರಿಸಿಕೊಳ್ಳಲು ಕಾರಣವಿತ್ತು. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ನಾಲೆಗಳ ಮೂಲಕ ಇಲ್ಲಿಗೆ ಬಂತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಬ್ಬು, ಭತ್ತ ಬಂದವು. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಅವರು 1950ರ ದಶಕದಲ್ಲಿ ಈ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿದಾಗ ಒಕ್ಕಲಿಗರಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಕೊಡುವುದು ರೂಢಿಯಲ್ಲಿತ್ತು. 1970ರಲ್ಲಿ ಅವರು ಮತ್ತೆ ಬಂದಾಗ ಅದರ ಜಾಗಕ್ಕೆ ವರದಕ್ಷಿಣೆ ಕಾಲಿಡುತ್ತಿತ್ತು. ನಾಲೆಯ ನೀರು ಸಂಪತ್ತನ್ನು ತಂದಿತು, ಆದರೆ ಆ ಸಂಪತ್ತಿನೊಳಗೆ ಹೆಣ್ಣಿನ ದುಡಿಮೆಯ ಬೆಲೆ ಇಳಿಯಿತು. ಇಂದಿನ ಹಳ್ಳಿಯಲ್ಲಿ ನಿಂತು ಹಿಂದಿರುಗಿ ನೋಡಿದಾಗ ನನಗೆ ಅತ್ಯಂತ ನೋವಿನ ಸಂಗತಿಯಾಗಿ ಕಾಣುವುದು ಇದೇ.

ವಂಶಾವಳಿ ಬರೆಯುವ ವಿಧಾನ ಹೊಸದೇನಲ್ಲ. ನೀಲಗಿರಿಯ ತೋಡ ಬುಡಕಟ್ಟಿನವರ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಡಬ್ಲ್ಯು. ಎಚ್. ಆರ್. ರಿವರ್ಸ್ ಅದನ್ನು 1910ರಲ್ಲಿಯೇ ಕ್ರಮಬದ್ಧವಾಗಿ ವಿವರಿಸಿದ್ದಾರೆ. ನಾನು ಮಾಡಿಕೊಂಡ ಮಾರ್ಪಾಡು ಒಂದೇ: ವಂಶಾವಳಿಯನ್ನು ಮನೆಯ ಹಿರಿಯ ಹೆಂಗಸಿನಿಂದ ಆರಂಭಿಸುವುದು. ಜಗಲಿಯ ಮೇಲೆ ಕುಳಿತ ಗಂಡಸರು ತಂದೆ, ತಾತ, ಮುತ್ತಾತರ ಹೆಸರನ್ನು ಸರಾಗವಾಗಿ ಹೇಳುತ್ತಾರೆ. ಅಕ್ಕತಂಗಿಯರನ್ನು ಯಾವ ಊರಿಗೆ ಕೊಟ್ಟೆವೆಂಬುದೂ ಅವರಿಗೆ ಗೊತ್ತು. ಆದರೆ ಮನೆಗೆ ಬಂದ ಸೊಸೆಯರ ತಾಯಂದಿರು ಯಾರು, ಅವರು ಎಲ್ಲಿಂದ ಬಂದವರು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಹೆಂಗಸರಿಗೆ ಅದೆಲ್ಲ ಬಾಯಲ್ಲೇ ಇರುತ್ತದೆ. ವರ್ಷ ಕೇಳಿದರೆ ಯಾರೂ ಹೇಳುವುದಿಲ್ಲವಾದ್ದರಿಂದ ನೆನಪಿನಲ್ಲಿ ಉಳಿದ ಘಟನೆಗಳನ್ನು ಹಿಡಿದು ಕಾಲ ಗುರುತಿಸಬೇಕಾಗುತ್ತದೆ: ಇಂದಿರಾ ಗಾಂಧಿ ತೀರಿಕೊಂಡ ವರ್ಷವೆಂದರೆ 1984, ಮೊದಲನೆಯ ಕಾವೇರಿ ಗಲಾಟೆಯೆಂದರೆ 1991, ರಾಜ್‌ಕುಮಾರ್ ಅವರನ್ನು ಕಾಡಿಗೆ ಕರೆದೊಯ್ದದ್ದೆಂದರೆ 2000.

ನೆನಪನ್ನು ಪರಿಶೀಲಿಸಲು ನನಗೆ ದೊಡ್ಡ ನೆರವಾದದ್ದು ಮುಯ್ಯಿ ಪುಸ್ತಕಗಳು. ಮದುವೆಗೆ ಬಂದವರು ಏನು ಮುಯ್ಯಿ (ಉಡುಗೊರೆ) ಮಾಡಿದರೆಂದು ಬರೆದಿಡುವ ಈ ಲೆಕ್ಕದ ಪುಸ್ತಕವನ್ನು ಎಷ್ಟೋ ಮನೆಗಳಲ್ಲಿ ಟ್ರಂಕಿನ ತಳದಲ್ಲಿ, ಜಮೀನಿನ ಪತ್ರಗಳ ಜೊತೆಯಲ್ಲಿ ಕಾಪಾಡಿರುತ್ತಾರೆ. ಮೇಲೆ ‘ಶ್ರೀ’, ಕೆಳಗೆ ಊರಿನ ಹೆಸರು, ಯಜಮಾನನ ಹೆಸರು, ಎದುರಿಗೆ ಎರಡು ರೂಪಾಯಿ, ಐದು ರೂಪಾಯಿ, ಕೆಲವೆಡೆ ಅಕ್ಕಿ, ತೆಂಗಿನಕಾಯಿ. ಒಂದೇ ಮನೆಯ ಮೂರು ತಲೆಮಾರಿನ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಹಳೆಯದರಲ್ಲಿ ನಡೆದು ಹೋಗಿ ಬರಬಹುದಾದ ಹಳ್ಳಿಗಳ ಹೆಸರೇ ಮತ್ತೆ ಮತ್ತೆ ಬರುವುದೂ, ಹೊಸದರಲ್ಲಿ ಬೆಂಗಳೂರಿನ ಬಡಾವಣೆಗಳು ಪುಟಗಟ್ಟಲೆ ತುಂಬಿಕೊಂಡಿರುವುದೂ ಕಂಡಿತು. ಹೊಸ ಪುಸ್ತಕದಲ್ಲಿ ಹೆಂಗಸರ ಹೆಸರಿನಲ್ಲಿಯೇ ಬರೆದ ಮುಯ್ಯಿಗಳೂ ಇದ್ದವು. ಅವರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ಗೆ ಹೋಗುವವರು, ಶಿಕ್ಷಕಿಯರು, ಸ್ವಸಹಾಯ ಸಂಘದ ಜೊತೆಗಾರ್ತಿಯರು.

ಮುರಿದ ಸಂಬಂಧಗಳ ಮಾತು ಮಾತ್ರ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ನೇರವಾಗಿ ಕೇಳಿದರೂ ಸಿಗುವುದಿಲ್ಲ. ಅದು ಕೈಗೆ ಕೆಲಸವಿರುವಾಗ ಬರುವ ಮಾತು. ಅವರೆಕಾಯಿಯ ಕಾಲದಲ್ಲಿ ನೆನೆಸಿದ ಕಾಳನ್ನು ಹಿಚುಕುತ್ತಾ ನಾಲ್ಕೈದು ಹೆಂಗಸರ ಜೊತೆ ಕುಳಿತಿದ್ದಾಗ, ಅರವತ್ತು ದಾಟಿದ ಒಬ್ಬರು ತಮ್ಮ ಮೊಮ್ಮಗಳಿಗೆ ಬಂದ ಗಂಡುಗಳನ್ನು ಒಂದೊಂದಾಗಿ ಹೇಳತೊಡಗಿದರು. ಒಬ್ಬನಿಗೆ ನಾಲೆಯ ಕೆಳಗೆ ನಾಲ್ಕು ಎಕರೆ ಗದ್ದೆ, ಸ್ವಂತ ಟ್ರಾಕ್ಟರು, ಜೊತೆಗೆ ವರಸೆಯೂ, ಎಂದರೆ ಮದುವೆಗೆ ಒಪ್ಪುವ ನಂಟೂ, ಬರುತ್ತಿತ್ತು. ‘ನನ್ನನ್ನ ಯಾರೂ ಕೇಳ್ನಿಲ್ಲ ಕಣವ್ವ, ನಮ್ಮಪ್ಪ ಕೊಟ್ರು, ಬಂದೆ. ಇವಳವ್ವನೇ ಈಗ ಬೇಸಾಯದೋರ ಮನೆಗೆ ಕೊಡಾಕಿಲ್ಲ ಅಂದ್ಬುಟ್ಲು’ ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ಕಾಳಿನ ಪಾತ್ರೆಯನ್ನು ತಮ್ಮತ್ತ ಎಳೆದುಕೊಳ್ಳುತ್ತಾ ಅವರೇ ಮುಂದುವರಿಸಿ, ಬೆಳಗ್ಗೆ ಕೊಟ್ಟಿಗೆಯ ಸಗಣಿ ಬಾಚುವುದರಿಂದ ಹಿಡಿದು ರಾತ್ರಿ ಹಾಲು ಡೇರಿಗೆ ಹೋಗುವವರೆಗೆ ತಮ್ಮ ಸೊಸೆ ಮಾಡುವ ಕೆಲಸವನ್ನೆಲ್ಲ ಎಣಿಸಿ ಹೇಳಿದರು.

ಹೀಗೆ ಕೂಡಿಸಿದ ಮಾತುಗಳನ್ನು ತಲೆಮಾರುವಾರು ಜೋಡಿಸಿದಾಗ ‘ಬೇಡ’ ಎನ್ನುವ ಅಧಿಕಾರ ಕೈ ಬದಲಿಸಿದ್ದು ಕಾಣಿಸಿತು. ಹಿಂದೆ ಸಂಬಂಧ ಮುರಿಯುತ್ತಿದ್ದವರು ಹಿರಿಯ ಗಂಡಸರು. ಕಾರಣ ಜಮೀನು, ಹಳೆಯ ಜಗಳ ಅಥವಾ ಜಾತಕ. ಈಗ ಮುರಿಯುವವರಲ್ಲಿ ತಾಯಂದಿರೇ ಮುಂದೆ. ಹುಡುಗಿ ತಾನಾಗಿ ಬೇಡವೆಂದ ಪ್ರಸಂಗಗಳೂ ಹೆಚ್ಚುತ್ತಿವೆ. ಆದರೆ ತಾಯಿಯ ಬೆಂಬಲವಿಲ್ಲದೆ ಅವಳ ಮಾತು ನಿಂತದ್ದು ಅಪರೂಪ. ಹುಡುಗಿಯರು ಓದಿದ್ದರಿಂದ ಮದುವೆ ಬದಲಾಯಿತು ಎಂಬ ವಿವರಣೆ ನನಗೆ ಸಾಲದೆನ್ನಿಸುವುದು ಇದರಿಂದಲೇ. ಓದದ ತಾಯಂದಿರ ತೀರ್ಮಾನಕ್ಕೆ ಆ ವಿವರಣೆಯಲ್ಲಿ ಜಾಗವಿಲ್ಲ.

ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯನ್ನು ನಿಷೇಧಿತ ಸಂಬಂಧಗಳ ಸಾಲಿಗೆ ಸೇರಿಸಿದರೂ ರೂಢಿಯಿದ್ದಲ್ಲಿ ವಿನಾಯಿತಿ ಕೊಟ್ಟಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರವೂ ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲೊಂದು ಮದುವೆ ರಕ್ತಸಂಬಂಧದೊಳಗಿನದು. ಆದರೂ ನನ್ನ ವಂಶಾವಳಿಗಳ ಕೊನೆಯ ಸಾಲಿನಲ್ಲಿ ಸೋದರಮಾವ–ಅಕ್ಕನ ಮಗಳ ಮದುವೆ ವಿರಳವಾಗಿದೆ. ಡಾಕ್ಟರು ಬೇಡವೆಂದರು ಎಂಬುದು ಎಲ್ಲರೂ ಕೊಡುವ ಕಾರಣ, ಅದು ಸುಳ್ಳೂ ಅಲ್ಲ. ಆದರೆ ವಂಶಾವಳಿಯ ಚಿತ್ರದ ಮೇಲೆ ಹುಟ್ಟಿದ ವರ್ಷಗಳನ್ನು ಬರೆದಾಗ ಮತ್ತೊಂದು ಕಾರಣ ಕಾಣುತ್ತದೆ. ಒಬ್ಬ ತಾಯಿಗೆ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಏಳೆಂಟು ಮಕ್ಕಳಾಗುತ್ತಿದ್ದಾಗ, ಹಿರಿಯ ಮಗಳ ಮಗಳಿಗೂ ಕಿರಿಯ ಮಗನಿಗೂ ವಯಸ್ಸಿನ ಅಂತರ ಕಡಿಮೆಯಿರುತ್ತಿತ್ತು. ಮೂರು ವರ್ಷಗಳ ಅಂತರದಲ್ಲಿ ಎರಡೇ ಮಕ್ಕಳಾಗಿ ಆಪರೇಷನ್ ಮಾಡಿಸಿಕೊಂಡ ಮನೆಯಲ್ಲಿ ಅಕ್ಕನ ಮಗಳು ಹುಟ್ಟುವ ಹೊತ್ತಿಗೆ ಮಾವನಿಗೆ ಇಪ್ಪತ್ತರ ಆಸುಪಾಸು. ಯಾರೂ ತ್ಯಜಿಸದೆಯೇ ಆ ವರಸೆ ಕೈಗೆ ಸಿಗದಂತಾಗುತ್ತದೆ.

ಇದಕ್ಕೆ ಆಸ್ತಿಯೂ ಹೆಣೆದುಕೊಂಡಿದೆ. ಅಕ್ಕನ ಮಗಳು ಸೊಸೆಯಾಗಿ ಬಂದರೆ ಅಕ್ಕನಿಗೆ ತವರಿನ ಜಮೀನಿನೊಡನೆ ನಂಟು ಮಗಳ ಮೂಲಕ ಉಳಿಯುತ್ತಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರಲ್ಲಿ ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆದರೂ ಹಳ್ಳಿಯಲ್ಲಿ ನಡೆಯುವುದು ಹೆಚ್ಚಾಗಿ ಪಾಲು ಬೇಡವೆಂದು ಬರೆದುಕೊಡುವ ಹಕ್ಕು ಬಿಡುಗಡೆ ಪತ್ರವೇ. ಅಣ್ಣತಮ್ಮಂದಿರು ಕರೆದ ದಿನ ಅಕ್ಕತಂಗಿಯರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕುತ್ತಾರೆ. ಪಾಲು ಕೇಳಿದವರಿಗೆ ಗೌರಿ ಹಬ್ಬದ ಬಾಗಿನ ನಿಂತುಹೋಗುತ್ತದೆ, ಮಗಳ ಬಾಣಂತನಕ್ಕೆ ಕರೆಯುವವರಿರುವುದಿಲ್ಲ. ತವರನ್ನು ಉಳಿಸಿಕೊಳ್ಳಲು ಹೆಂಗಸರು ತೆರುತ್ತಿರುವ ಈ ಬೆಲೆಯನ್ನು ಮದುವೆಯ ಅಧ್ಯಯನದಿಂದ ಹೊರಗಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

2023ರ ಫೆಬ್ರವರಿಯಲ್ಲಿ ಈ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದೇ ವರ್ಷದ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಹುಡುಗಿಯರ ಆಯ್ಕೆಯೊಂದನ್ನೇ ದೂರುವುದು ಅನ್ಯಾಯ. ಮೂವತ್ತೈದು ದಾಟಿದ ಆ ಗಂಡಸರ ಸಂಕಟವನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಬೀಗರ ಊಟಕ್ಕೆ ಹೋಗುವುದನ್ನೇ ಬಿಟ್ಟವರು ಅವರಲ್ಲಿದ್ದಾರೆ.

ಕೂಡಿಬಾರದ ಸಂಬಂಧಗಳ ಮಾಹಿತಿಯನ್ನು ಕಾಪಾಡುವುದು ಈ ಕೆಲಸದ ಅತ್ಯಂತ ಸೂಕ್ಷ್ಮವಾದ ಭಾಗ, ಏಕೆಂದರೆ ಬೇಡವೆಂದ ಮನೆಯೂ ಬೇಡವೆನ್ನಿಸಿಕೊಂಡ ಮನೆಯೂ ಒಂದೇ ಬೀದಿಯಲ್ಲಿರಬಹುದು. ಅದನ್ನು ಬೇರೆ ಪುಸ್ತಕದಲ್ಲಿ, ಹೆಸರಿಲ್ಲದೆ, ಸಂಖ್ಯೆಗಳಲ್ಲಿ ಬರೆದಿಡುತ್ತೇನೆ. ವಂಶಾವಳಿಯನ್ನು ಮಾತ್ರ ಶುದ್ಧಪ್ರತಿ ಮಾಡಿ ಆಯಾ ಮನೆಗೆ ಕೊಡುತ್ತೇನೆ. ಕೊಡುವಾಗ ಕೊಟ್ಟ ಹೆಣ್ಣುಮಕ್ಕಳ ಹೆಸರೂ ತಂದ ಹೆಣ್ಣುಮಕ್ಕಳ ಹೆಸರೂ ಅದರಲ್ಲಿ ತಪ್ಪದೆ ಇವೆಯೇ ಎಂದು ಮನೆಯ ಹಿರಿಯ ಹೆಂಗಸಿನಿಂದ ಓದಿಸಿ ಅಥವಾ ಅವರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲಷ್ಟೇ ಅದನ್ನು ನನ್ನ ಅಧ್ಯಯನಕ್ಕೆ ಬಳಸುತ್ತೇನೆ.