ಕಂಟೇನರ್ ವಸತಿ: ನಾಲ್ಕು ಮೂಲೆ ಮಟ್ಟಕ್ಕೆ ಬಂದರೆ ಮುಕ್ಕಾಲು ಕೆಲಸ ಮುಗಿಯಿತು

ಭೂಕಂಪ, ನೆರೆ, ಯುದ್ಧ, ಯಾವುದೇ ಇರಲಿ, ಜನ ಮನೆ ಕಳೆದುಕೊಂಡ ಕಡೆಗೆ ಈಗ ಲಾರಿಗಳಲ್ಲಿ ಕಂಟೇನರ್ ವಸತಿ ಬಂದಿಳಿಯುತ್ತದೆ. ಸೇನೆಯ ಮುಂಚೂಣಿ ಶಿಬಿರಗಳಲ್ಲೂ ಅದೇ ಪೆಟ್ಟಿಗೆ. ‘ತಂದು ಇಳಿಸಿದರೆ ಆಯ್ತು, ಅದರಲ್ಲೇನು ಮಹಾ’ ಎನ್ನುವವರೇ ಜಾಸ್ತಿ. ಹಾಗೆ ಇಳಿಸಿದ ಪೆಟ್ಟಿಗೆಗಳ ಪಾಡು ಎಲ್ಲ ಕಡೆಯೂ ಒಂದೇ. ಕೆಲವೇ ದಿನಗಳಲ್ಲಿ ಬಾಗಿಲು ಹಿಡಿದುಕೊಳ್ಳುತ್ತದೆ. ಯಾರೋ ಗ್ರೈಂಡರ್ ತಂದು ಬಾಗಿಲಿನ ಅಂಚು ತೇಯುತ್ತಾರೆ. ಮೊದಲ ಮಳೆಗೆ ಆ ಅಂಚಿನಿಂದಲೇ ನೀರು ಒಳಗೆ. ಬೈಗುಳ ಮಾತ್ರ ಪೆಟ್ಟಿಗೆ ಮಾಡಿದವರಿಗೆ. ತಪ್ಪು ಇರುವುದು ಪೆಟ್ಟಿಗೆಯಲ್ಲಿ ಅಲ್ಲ, ಅದರ ಕೆಳಗೆ.

1. ಯಾವ ಪೆಟ್ಟಿಗೆ?

ಮುಖ್ಯವಾಗಿ ಎರಡು ಬಗೆ. ಒಂದು, ಹಡಗಿನಲ್ಲಿ ಸರಕು ಸಾಗಿಸುವ ಕಂಟೇನರನ್ನೇ ಕೊರೆದು ಕಿಟಕಿ ಇಟ್ಟದ್ದು. ಇನ್ನೊಂದು, ಬಿಡಿಬಿಡಿಯಾಗಿ ಬರುವ ಫ್ಲಾಟ್ ಪ್ಯಾಕ್: ನೆಲ, ಚಾವಣಿ, ನಾಲ್ಕು ಕಂಬ, ನಡುವೆ ಸಿಕ್ಕಿಸಲು ಶಾಖ ತಡೆಯುವ ಗೋಡೆ ಹಲಗೆಗಳು. ಜೋಡಿಸುವ ಮುನ್ನ ಇಂಥ ನಾಲ್ಕರ ಬಿಡಿಭಾಗಗಳನ್ನು ಕಟ್ಟುಕಟ್ಟಿ ಪೇರಿಸಿದರೆ ಒಂದು ಕಂಟೇನರಿನಷ್ಟೇ ಜಾಗ ಹಿಡಿಯುತ್ತದೆ.

ಜನ ವಾಸ ಮಾಡುವುದಾದರೆ ಫ್ಲಾಟ್ ಪ್ಯಾಕನ್ನೇ ತರಿಸಿ. ಹಳೇ ಸರಕು ಕಂಟೇನರ್ ಉಗ್ರಾಣಕ್ಕೆ ಸರಿ, ಮಲಗುವುದಕ್ಕಲ್ಲ. ಅದರ ನೆಲ ಸಾಮಾನ್ಯವಾಗಿ 28 ಮಿಲಿಮೀಟರ್ ಪ್ಲೈವುಡ್. ಹುಳ ಹಿಡಿಯದಿರಲಿ ಅಂತ ಅದಕ್ಕೆ ಕೀಟನಾಶಕ ಉಣಿಸಿರುತ್ತಾರೆ. ಯಾವ ಔಷಧ ಎಂಬುದು ಬಾಗಿಲಿನ ಮೇಲಿನ ಫಲಕದಲ್ಲಿ ಇರುತ್ತದೆ, ಓದಿ. ಫಲಕವೇ ಕಿತ್ತುಹೋಗಿದ್ದರೆ ಆ ನೆಲದ ಮೇಲೆ ಮಕ್ಕಳನ್ನು ಮಲಗಿಸುವ ಮಾತೇ ಬೇಡ. ಸುಮ್ನೆ ಮೇಲೊಂದು ರಗ್ಗು ಹಾಸಿ ಕೊಡುವವರಿದ್ದಾರೆ, ಅದೆಲ್ಲ ಕಣ್ಣೊರೆಸುವ ಕೆಲಸ.

ಎಷ್ಟು ಜನಕ್ಕೆ ಒಂದು? ಪರಿಹಾರ ಕೆಲಸದವರು ಪಾಲಿಸುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್. ಚಳಿ ಪ್ರದೇಶದಲ್ಲಿ, ಅಡುಗೆ–ಸ್ನಾನವೂ ಒಳಗೇ ಆಗುವಲ್ಲಿ 4.5ರಿಂದ 5.5. ಇಪ್ಪತ್ತು ಅಡಿ ಕಂಟೇನರಿನ ಒಳಜಾಗ ಸುಮಾರು 13.8 ಚದರ ಮೀಟರ್. ನಾಲ್ಕನೆಯವರಿಗೇ ಜಾಗ ಚೂರು ಕಡಿಮೆ ಬೀಳುತ್ತದೆ. ಐದಾರು ಜನರ ಮನೆಗೆ ಒಂದೇ ಪೆಟ್ಟಿಗೆ ಕೊಟ್ಟು ಕೈತೊಳೆದುಕೊಳ್ಳುವುದು ಲೆಕ್ಕಕ್ಕೆ ಕೂಡುವುದಿಲ್ಲ.

2. ಜಾಗ

ಇಳಿಜಾರು ಶೇ 5ಕ್ಕಿಂತ ಜಾಸ್ತಿ ಬೇಡ. ಪೆಟ್ಟಿಗೆಗಳ ನಡುವೆ ಕನಿಷ್ಠ 2 ಮೀಟರ್, ಸಾಧ್ಯವಾದರೆ ಎತ್ತರದ ಎರಡರಷ್ಟು ಅಂತರ. ಶಿಬಿರ ದೊಡ್ಡದಾದರೆ ಪ್ರತಿ 300 ಮೀಟರಿಗೆ 30 ಮೀಟರ್ ಅಗಲದ ಬಯಲು ಬಿಡಿ, ಬೆಂಕಿ ದಾಟಬಾರದು. ಕ್ರೇನ್ ಬರುವ ದಾರಿ ಮೊದಲೇ ನೋಡಿಕೊಳ್ಳಿ.

3. ನಾಲ್ಕು ಮೂಲೆ

ಇಲ್ಲಿ ಅವಸರ ಮಾಡಬೇಡಿ.

ಕಂಟೇನರಿನ ಭಾರವೆಲ್ಲ ನಾಲ್ಕು ಮೂಲೆಕಂಬಗಳ ಮೂಲಕವೇ ಕೆಳಗಿಳಿಯುತ್ತದೆ. ಪ್ರತಿ ಮೂಲೆಯ ಅಡಿಯಲ್ಲೂ ತೂತಿರುವ ಒಂದು ಎರಕದ ಉಕ್ಕಿನ ಗಟ್ಟಿ ಇರುತ್ತದೆ: 178 ಮಿಲಿಮೀಟರ್ ಉದ್ದ, 162 ಅಗಲ. ಆ ನಾಲ್ಕು ಗಟ್ಟಿಗಳು ಉಳಿದ ತಳಕ್ಕಿಂತ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಕೆಳಕ್ಕೆ ಚಾಚಿಕೊಂಡಿರುತ್ತವೆ. ಅಂದರೆ ಪೆಟ್ಟಿಗೆ ನಿಲ್ಲಬೇಕಾದ್ದು ಅವುಗಳ ಮೇಲೆ ಮಾತ್ರ. ನಡುಬೆನ್ನಿಗೆ ಕಲ್ಲು ಕೊಟ್ಟು ‘ಭದ್ರ’ ಮಾಡುವವರು ಪೆಟ್ಟಿಗೆಯನ್ನು ತಕ್ಕಡಿ ಮಾಡುತ್ತಾರೆ, ಅಷ್ಟೆ.

ಮೊದಲು ಗುರುತು. ಇಪ್ಪತ್ತು ಅಡಿ ಕಂಟೇನರಿನ ಹೊರ ಅಳತೆ 6.058 ಮೀಟರ್ ಉದ್ದ, 2.438 ಅಗಲ. ಹೆಚ್ಚಿನವರು ಇದೇ ಅಳತೆಗೆ ಗೂಟ ಹೊಡೆದು, ಗೂಟದ ನೇರಕ್ಕೆ ಅಡಿಪಾಯದ ಕಾಂಕ್ರೀಟ್ ದಿಮ್ಮಿಯ ನಡು ಇಡುತ್ತಾರೆ. ತಪ್ಪು. ನಿಮಗೆ ಬೇಕಾದ್ದು ತೂತಿನ ನಡುವಿನಿಂದ ತೂತಿನ ನಡುವಿನ ಅಳತೆ: ಉದ್ದಕ್ಕೆ 5.853 ಮೀಟರ್, ಅಗಲಕ್ಕೆ 2.259. ಫ್ಲಾಟ್ ಪ್ಯಾಕ್ ಆದರೆ ಬಂದ ಪೆಟ್ಟಿಗೆಯನ್ನೇ ಟೇಪ್ ಹಿಡಿದು ಅಳೆಯಿರಿ, ಕಾಗದ ನಂಬಬೇಡಿ.

ಆಮೇಲೆ ಕರ್ಣ. ಎದುರುಬದುರು ಮೂಲೆಗಳ ನಡುವೆ ಟೇಪ್ ಹಿಡಿದರೆ ಎರಡೂ ಕಡೆ 6.274 ಮೀಟರ್ ಬರಬೇಕು. ಒಂದು ಜಾಸ್ತಿ, ಒಂದು ಕಡಿಮೆ ಬಂದರೆ ನಿಮ್ಮ ಚೌಕ ಓರೆಯಾಗಿದೆ. ಮೂಲೆಮಟ್ಟ ಇಟ್ಟು ನೋಡಿದ್ದೇನೆ, ಸರಿಯಿದೆ ಎನ್ನುವವರ ಮಾತಿಗೆ ಒಪ್ಪಬೇಡಿ. ಒಂದಡಿಯ ಮೂಲೆಮಟ್ಟದಲ್ಲಿ ಒಂದು ಮಿಲಿಮೀಟರಿನಷ್ಟು ಕಂಡ ತಪ್ಪು ಆರು ಮೀಟರ್ ದೂರಕ್ಕೆ ಬೆರಳಗಲ ಆಗುತ್ತದೆ.

ಪ್ರತಿ ಗುರುತಿನಲ್ಲೂ ಮೇಲ್ಮಣ್ಣು ತೆಗೆಯಿರಿ. ಬೇರು, ಹುಲ್ಲು, ಕಪ್ಪು ಸಡಿಲ ಮಣ್ಣು ಪೂರ್ತಿ ಹೋಗಬೇಕು. ಗಟ್ಟಿ ನೆಲ ಸಿಕ್ಕಮೇಲೆ ಜಲ್ಲಿ ತುಂಬಿ ದಮ್ಮಸು ಮಾಡಿ. ಒಂದೇ ಸಲ ತುಂಬಬೇಡಿ, ಒಂದು ಗೇಣಿಗಿಂತ ಕಡಿಮೆ ದಪ್ಪಕ್ಕೆ ಒಂದೊಂದು ಪದರ. ಅದರ ಮೇಲೆ 60 ಸೆಂಟಿಮೀಟರ್ ಚೌಕದ ಕಾಂಕ್ರೀಟ್ ದಿಮ್ಮಿ ಇಟ್ಟರೆ ಸಾಧಾರಣ ಮಣ್ಣಿಗೆ ಸಾಕು. ಜೌಗು ನೆಲ, ಹೊಸದಾಗಿ ತುಂಬಿದ ಮಣ್ಣು ಆದರೆ ಎಂಜಿನಿಯರ್ ನೋಡದೆ ಮುಂದುವರಿಯಬೇಡಿ. ಹಳೇ ಟೈರು, ಇಟ್ಟಿಗೆ ಚೂರು, ಪ್ಯಾಲೆಟ್ ಮರ, ಇವೆಲ್ಲ ‘ತಾತ್ಕಾಲಿಕ’ ಅಂತಲೇ ಬರುತ್ತವೆ. ತಾತ್ಕಾಲಿಕ ಶಿಬಿರಗಳು ಎಷ್ಟು ವರ್ಷ ನಿಲ್ಲುತ್ತವೆ ಗೊತ್ತಲ್ಲ? ಜೋರ್ಡನ್‌ನಲ್ಲಿ ಸಿರಿಯಾ ನಿರಾಶ್ರಿತರ ಝಾತರಿ ಶಿಬಿರ ಶುರುವಾದದ್ದು 2012ರಲ್ಲಿ, ಡೇರೆಗಳಿಂದ. ಆಮೇಲೆ ಡೇರೆಗಳ ಜಾಗಕ್ಕೆ ಪೆಟ್ಟಿಗೆ ಮನೆಗಳು ಬಂದವು. ಹತ್ತು ವರ್ಷ ದಾಟಿದ ಮೇಲೂ ಜನ ಅಲ್ಲೇ ಇದ್ದರು.

ಈಗ ಮಟ್ಟ. ನನ್ನ ಮಾತು ಕೇಳುವುದಾದರೆ ನೀರು ತುಂಬಿದ ಪಾರದರ್ಶಕ ಪೈಪೇ ಉತ್ತಮ. ಅಗ್ಗದ ಲೇಸರ್ ಬಿಸಿಲಲ್ಲಿ ಕಾಣುವುದೇ ಇಲ್ಲ, ಕಂಡರೂ ಅದು ಸರಿ ತೋರಿಸುತ್ತಿದೆಯೇ ಅಂತ ಪರೀಕ್ಷಿಸುವವರಿಲ್ಲ. ಎರಡಡಿ ರಸಮಟ್ಟವನ್ನು ದಿಮ್ಮಿಯ ಮೇಲಿಟ್ಟರೆ ಆ ದಿಮ್ಮಿಯ ಮಟ್ಟ ಗೊತ್ತಾಗುತ್ತದೆಯೇ ಹೊರತು ಆಚೆ ತುದಿಯದಲ್ಲ. ಪೈಪಿಗೆ ನೀರನ್ನು ನಿಧಾನವಾಗಿ, ಒಂದೇ ತುದಿಯಿಂದ ಬಿಡಿ. ತುಂಬಿದ ಮೇಲೆ ಉದ್ದಕ್ಕೂ ಕಣ್ಣಾಡಿಸಿ. ಎಲ್ಲಾದರೂ ಗಾಳಿಗುಳ್ಳೆ ನಿಂತಿದ್ದರೆ ಬೆರಳಲ್ಲಿ ತಟ್ಟಿ ಹೊರಗೆ ಓಡಿಸಿ. ಒಂದು ಗುಳ್ಳೆ ಇದ್ದರೂ ಎರಡು ತುದಿಯ ನೀರು ಸುಳ್ಳು ಹೇಳುತ್ತದೆ. ಎರಡು ತುದಿಗಳನ್ನೂ ಒಟ್ಟಿಗೆ ಹಿಡಿದು ನೀರು ಸಮ ನಿಲ್ಲುತ್ತದೆಯೇ ನೋಡಿ, ಆಮೇಲೆ ನೀರು ಚೆಲ್ಲದಂತೆ ತುದಿಗಳನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಬೇರೆ ಮೂಲೆಗೆ ಒಯ್ಯಿರಿ. ಓದುವಾಗ ಎರಡೂ ತುದಿಯ ಹೆಬ್ಬೆರಳು ತೆಗೆದಿರಬೇಕು. ಇದನ್ನು ಮರೆಯುವವರು ಬಹಳ.

ಅತಿ ಎತ್ತರದ ಮೂಲೆಯನ್ನು ಆಧಾರ ಮಾಡಿಕೊಂಡು ಉಳಿದ ಮೂರನ್ನು ಅದಕ್ಕೆ ಏರಿಸಿ. ಕೊನೆಯ ಕೆಲವು ಮಿಲಿಮೀಟರಿಗೆ ಉಕ್ಕಿನ ತಗಡನ್ನೇ ಕೊಡಿ. ಮರದ ಚಕ್ಕೆ ನೆನೆದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಕೊನೆಗೆ ಪುಡಿಯಾಗುತ್ತದೆ. ಮೂರು ಮೂಲೆ ಸರಿಯಾಗಿ ನಾಲ್ಕನೆಯದು ತಗ್ಗಿದ್ದರೆ ಪೆಟ್ಟಿಗೆ ತಿರುಚಿಕೊಳ್ಳುತ್ತದೆ. ಎಲ್ಲ ಮೂಲೆಯೂ ಒಂದೇ ಕಡೆಗೆ ಚೂರು ವಾಲಿರುವುದಕ್ಕಿಂತ ಇದು ಕೆಟ್ಟದ್ದು.

ಈಗಾಗಲೇ ಇಳಿಸಿದ ಪೆಟ್ಟಿಗೆಯ ಬಾಗಿಲು ಹಿಡಿಯುತ್ತಿದ್ದರೆ ಗ್ರೈಂಡರ್ ಕೆಳಗಿಡಿ. ಜೋಡಿ ಬಾಗಿಲಿನ ಎದುರು ನಿಂತು ಎರಡರ ಮೇಲಂಚು ಹೋಲಿಸಿ. ಯಾವುದು ತಗ್ಗಿದೆಯೋ ಆ ಕಡೆಯ ಮೂಲೆಗೆ ಜಾಕ್ ಕೊಟ್ಟು ಸ್ವಲ್ಪ ಎತ್ತಿ, ತಗಡು ಸೇರಿಸಿ. ಬಾಗಿಲು ತಾನಾಗಿ ಕೂರುತ್ತದೆ.

4. ಇಳಿಸುವುದು

ನಾಲ್ಕು ಮೂಲೆಗೂ ಸರಪಳಿ, ಎರಡು ಕಡೆ ಮಾರ್ಗದರ್ಶಿ ಹಗ್ಗ, ಕೆಳಗೆ ಯಾರೂ ಬೇಡ. ಕೂತ ಮೇಲೆ ಮೂಲೆಗಳನ್ನು ದಿಮ್ಮಿಗೆ ಬೋಲ್ಟ್ ಮಾಡಿ, ಬಿರುಗಾಳಿಗೆ ಖಾಲಿ ಪೆಟ್ಟಿಗೆ ಜಾರುತ್ತದೆ.

5. ಜೋಡಿಸುವುದು

ಎರಡು ಪೆಟ್ಟಿಗೆ ಸೇರಿಸಿ ದೊಡ್ಡ ಕೋಣೆ ಮಾಡುವಾಗ ಸೋರುವುದು ನಡುವಿನ ಸಂದಿನಲ್ಲಿ. ಆರು ಮೀಟರ್ ಉಕ್ಕು 40 ಡಿಗ್ರಿ ಬಿಸಿಯೇರಿದರೆ ಹತ್ತಿರ ಹತ್ತಿರ 3 ಮಿಲಿಮೀಟರ್ ಹಿಗ್ಗುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಸಂದಿಗೆ ಬರೀ ಸಿಲಿಕೋನ್ ಹಿಂಡಿದರೆ ಅದು ಅಂಚು ಬಿಡುತ್ತದೆ. ಅದರಲ್ಲೂ ವಿನೆಗರ್ ವಾಸನೆ ಬರುವ ಅಗ್ಗದ ಟ್ಯೂಬು ಮುಟ್ಟಲೇಬೇಡಿ. ಒಣಗುವಾಗ ಅದರಿಂದ ಅಸಿಟಿಕ್ ಆಮ್ಲ ಹೊರಬಂದು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಒಳಗೆ ಫೋಮ್ ಪಟ್ಟಿ, ಮೇಲೆ ಎರಡೂ ಚಾವಣಿಗೆ ಚಾಚುವ ತಗಡಿನ ಟೋಪಿ. ನೀರು ತಡೆಯುವ ಕೆಲಸ ಟೋಪಿಯದು.

ನಡುಗೋಡೆ ಕತ್ತರಿಸುವ ಮುನ್ನ ಯೋಚಿಸಿ. ಸರಕು ಕಂಟೇನರಿನ ಸುಕ್ಕುತಗಡಿನ ಗೋಡೆಯೇ ಅದನ್ನು ನೆಟ್ಟಗೆ ಹಿಡಿದಿರುವುದು. ತೆಗೆದ ಕಡೆ ಉಕ್ಕಿನ ಚೌಕಟ್ಟು ಬೆಸೆಯಲೇಬೇಕು. ಮೂಲೆಯ ಮೇಲೆ ಮೂಲೆ ಕೂರಿಸಿ ಪೇರಿಸುವುದಾದರೆ ಭಯವಿಲ್ಲ. ಜಪಾನಿನ ಒನಗಾವಾದಲ್ಲಿ 2011ರ ಸುನಾಮಿಯ ನಂತರ ವಾಸ್ತುಶಿಲ್ಪಿ ಶಿಗೆರು ಬಾನ್ ಹೀಗೆ ಮೂರು ಮಹಡಿವರೆಗೆ ಪೇರಿಸಿದರು. ಚದುರಂಗದ ಹಾಸಿನಂತೆ ಒಂದು ಬಿಟ್ಟು ಒಂದು ಇಟ್ಟದ್ದರಿಂದ ನಡುವಿನ ಖಾಲಿ ಜಾಗವೂ ಬಳಕೆಗೆ ಸಿಕ್ಕಿತು.

6. ಬೆವರು, ಬಿಸಿಲು

ಒಳಗೆ ಗೋಡೆಯ ಮೇಲೆ ಹನಿ ಕಂಡರೆ ಸೋರುತ್ತಿದೆ ಅಂತಲೇ ತಿಳಿಯಬೇಡಿ. 20 ಡಿಗ್ರಿಯ ಗಾಳಿ ಘನ ಮೀಟರಿಗೆ ಸುಮಾರು 17 ಗ್ರಾಂ ನೀರಾವಿ ಹಿಡಿದಿಡಬಲ್ಲದು. ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂ ಕೂಡ ಇಲ್ಲ. ಮಲಗಿದವರ ಉಸಿರು ತಣ್ಣನೆ ತಗಡಿಗೆ ತಾಗಿದರೆ ಉಳಿದದ್ದು ಹನಿಯಾಗದೆ ಎಲ್ಲಿ ಹೋಗಬೇಕು? ಕೆಳಗೊಂದು, ಮೇಲೊಂದು ಗಾಳಿಗಂಡಿ ಇಡಿ, ಚಳಿ ಅಂತ ಅದಕ್ಕೆ ಬಟ್ಟೆ ತುರುಕುವುದನ್ನು ತಡೆಯಿರಿ. ಚಳಿ ನಾಡಿನಲ್ಲಿ ಆವಿ ತಡೆಯುವ ಹಾಳೆ ಒಳಮೈ ಕಡೆಗೇ ಬರಬೇಕು.

ಬಿಸಿಲಿಗೆ ಚಾವಣಿಯ ಮೇಲೆ ಒಂದಡಿ ಬಿಟ್ಟು ಇನ್ನೊಂದು ನೆರಳು ಚಾವಣಿ. ಡಬ್ಬಿಯಲ್ಲಿ ಸಿಗುವ ‘ಶಾಖನಿರೋಧಕ’ ಬಣ್ಣದ ಮೇಲೆ ಭರವಸೆ ಬೇಡ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಅದು ನಿಜ. ದಪ್ಪ ಹಲಗೆಯ ಕೆಲಸ ಅದರಿಂದ ಆಗದು.

7. ಕರೆಂಟು

ಉಕ್ಕಿನ ಮನೆ. ಪ್ರತಿ ಪೆಟ್ಟಿಗೆಗೂ ಅರ್ತಿಂಗ್, 30 ಮಿಲಿಆಂಪಿಯರಿಗೆ ಕಡಿತವಾಗುವ ಸುರಕ್ಷಾ ಸ್ವಿಚ್. ಜನರೇಟರ್ ಕನಿಷ್ಠ 6 ಮೀಟರ್ ದೂರ, ಹೊಗೆ ಕೊಳವೆ ಗಾಳಿಗಂಡಿಯ ಕಡೆಗೆ ತಿರುಗಿರಬಾರದು. ಒಳಗೆ ಇದ್ದಿಲು ಒಲೆ ಕೂಡದು.

ಸೇನೆಯ ಬಳಕೆಗೆ

ಅಕ್ಕಪಕ್ಕ ಬಿಚ್ಚಿಕೊಂಡು ಅಗಲವಾಗುವ ಪೆಟ್ಟಿಗೆಗಳು ಶಸ್ತ್ರಚಿಕಿತ್ಸಾ ಕೋಣೆಗೆ, ನಿಯಂತ್ರಣ ಕೊಠಡಿಗೆ ಬರುತ್ತವೆ. ಇವುಗಳ ಮಡಿಚುವ ನೆಲ ಜಾಕ್‌ಗಳ ಮೇಲೆ ನಿಲ್ಲುವುದರಿಂದ ಮೂರನೇ ಹಂತವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಮಾಡಿ. ಸರಕು ಕಂಟೇನರಿನ ಗೋಡೆ ತಗಡು ಸುಮಾರು 2 ಮಿಲಿಮೀಟರ್, ಗುಂಡು ನಿಲ್ಲಿಸುವುದಿಲ್ಲ. ರಕ್ಷಣೆಗೆ ಮಣ್ಣಿನ ಚೀಲ ಬೇಕೇ ಬೇಕು. ಆದರೆ ಅವನ್ನು ಚಾವಣಿ ಮೇಲೆ ಹೇರಬೇಡಿ. ನಾಲ್ಕು ಕಂಬಗಳು ಹಡಗಿನಲ್ಲಿ ನೂರಾರು ಟನ್ ಹೊರುತ್ತವೆ, ಚಾವಣಿಯ ತಗಡನ್ನು ಪರೀಕ್ಷಿಸುವುದು ಮಾತ್ರ ಬರೀ 300 ಕೆ.ಜಿ. ಭಾರಕ್ಕೆ. ಪೆಟ್ಟಿಗೆಯನ್ನು ಹೂತು ಬಂಕರ್ ಮಾಡುವುದೂ ಅಷ್ಟೇ ಅಪಾಯ, ಪಕ್ಕದ ಮಣ್ಣು ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಚೀಲಗಳ ಗೋಡೆಯನ್ನು ಪೆಟ್ಟಿಗೆಗೆ ಒರಗಿಸದೆ ಬೇರೆಯಾಗಿ ನಿಲ್ಲಿಸಿ. ತಲೆಯ ಮೇಲೂ ರಕ್ಷಣೆ ಬೇಕಿದ್ದರೆ ಆ ಮಣ್ಣನ್ನು ಹೊರುವ ಚಾವಣಿಗೆ ತನ್ನದೇ ಕಂಬ, ತನ್ನದೇ ಅಡಿಪಾಯ ಕೊಡಿ.